ಯಾರ ತಂಡ ದೊಡ್ಡದು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳನ್ನು ನಕ್ಷೆಯಲ್ಲಿ ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಬಂಟ್ವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿದರೆ ಬೆಳ್ತಂಗಡಿ. ಅಲ್ಲಿಂದ ವೇಣೂರಿನ ಮೇಲಾಗಿ ಮೂಡುಬಿದಿರೆ. ಮೂಡುಬಿದಿರೆಯಿಂದ ಸಿದ್ಧಕಟ್ಟೆ ದಾರಿಯಾಗಿ ಪುನಃ ಬಂಟ್ವಾಳ. ನಮ್ಮ ಕುಟುಂಬವೂ ಇದೇ ತ್ರಿಕೋನದಲ್ಲಿ ಹಂಚಿಹೋಗಿದೆ. ನಾನು ಬಂಟ್ವಾಳದಲ್ಲಿ, ಹೆಂಡತಿಯ ಅಣ್ಣ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ, ನನ್ನ ಅಕ್ಕ ಮೂಡುಬಿದಿರೆಯಲ್ಲಿ. ಮೂರು ಮನೆಯವರು ಒಟ್ಟು ಸೇರಿದರೆ ಊಟದವರೆಗೆ ಮಳೆ, ಅಡಿಕೆ ಧಾರಣೆ, ಯಾರ ಮಗಳಿಗೆ ಎಲ್ಲಿ ಸಂಬಂಧ ಎಂಬ ಮಾತು. ಊಟವಾದ ಮೇಲೆ ಜಗಳ.

ಜಗಳ ಆಸ್ತಿಯದ್ದಲ್ಲ. ನಮ್ಮ ಕಡೆಯ ಕಾಲೇಜುಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಂಡ ಯಾವುದು ಎಂಬ ವಿಚಾರದ್ದು. ಇದು ಎಷ್ಟು ವರ್ಷದಿಂದ ನಡೆಯುತ್ತಿದೆ ಎಂದರೆ, ಭಾವ ಬಾಯಿ ತೆರೆಯುವ ಮೊದಲೇ ಅವರು ಏನು ಹೇಳುತ್ತಾರೆಂದು ಅಕ್ಕನ ಮನೆಯ ನಾಯಿಗೂ ಗೊತ್ತು. ಈ ಸಲ ಮೇ ತಿಂಗಳಲ್ಲಿ ಅಕ್ಕನ ಮನೆಯ ಜಗಲಿಯಲ್ಲಿ ಅದು ಶುರುವಾದಾಗ ಮಾತ್ರ ಒಂದು ವ್ಯತ್ಯಾಸವಿತ್ತು. ನನ್ನ ಮಗಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತಿದ್ದಳು. ಪಿಯುಸಿ ಮುಗಿದಿದೆ. ಕಬಡ್ಡಿ ಆಡುತ್ತಾಳೆ, ಎಡ ಕಾರ್ನರ್. ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಡಿಗ್ರಿಗೆ ಕ್ರೀಡಾ ಕೋಟಾದಲ್ಲಿ ಎಲ್ಲಿಗೆ ಸೇರಬೇಕು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಎರಡು ಮೂರು ಕಡೆ ಆಯ್ಕೆಗೆ ಬರಲು ಹೇಳಿದ್ದರು.

ಭಾವನವರು ಉಜಿರೆಯ ಎಸ್.ಡಿ.ಎಂ. ಕಾಲೇಜಿನವರು. 1966ರಲ್ಲಿ ಶುರುವಾದ ಆ ಕಾಲೇಜಿನಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ಓದಿ, ವಾಲಿಬಾಲ್ ಆಡಿದವರು. ಅವರ ಮಟ್ಟಿಗೆ ಅಂತರ ಕಾಲೇಜು ಕ್ರೀಡೆ ಎಂದರೆ ಉಜಿರೆಯ ಮೈದಾನ, ಉಳಿದದ್ದೆಲ್ಲ ಸುತ್ತಮುತ್ತ. ಅಕ್ಕನ ಮಗ ಮೂಡುಬಿದಿರೆಯ ಆಳ್ವಾಸ್‌ನವನು, ಮೂವತ್ತು ವರ್ಷದ ಹುಡುಗ, ಕಾಲೇಜಿನಲ್ಲಿದ್ದಾಗ ಮಧ್ಯಮ ದೂರದ ಓಟಗಾರ. ಅವನಿಗೆ ಸ್ವರಾಜ್ ಮೈದಾನದ ಆಚೆ ಭೂಮಿ ಇದೆಯೆಂಬುದೇ ಸಂಶಯ.

“2020ರ ಜನವರಿಯಲ್ಲಿ ಇಡೀ ದೇಶದ ವಿಶ್ವವಿದ್ಯಾಲಯಗಳು ನಮ್ಮ ಸ್ವರಾಜ್ ಮೈದಾನಕ್ಕೆ ಬಂದಿದ್ದವು ಮಾವ. ಸಮಗ್ರ ಪ್ರಶಸ್ತಿ ಯಾರಿಗೆ? ಮಂಗಳೂರು ವಿಶ್ವವಿದ್ಯಾಲಯಕ್ಕೆ. ಆ ತಂಡದಲ್ಲಿ ಓಡಿದವರು ಯಾವ ಕಾಲೇಜಿನವರು ಅಂತ ಒಮ್ಮೆ ನೋಡಿ” ಎಂದ ಅಳಿಯ.

“ಕಾಲೇಜು ಮೂಡುಬಿದಿರೆಯದ್ದು, ಹುಡುಗರು ಎಲ್ಲಿಯವರು?” ಭಾವ ಕೇಳಿದರು.

ಇದು ಅವರ ಹಳೆಯ ಪಟ್ಟು. ಆಳ್ವಾಸ್ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು, ಊಟ ವಸತಿ ಕೊಟ್ಟು ಓದಿಸುವ ಸಂಸ್ಥೆ. ಮಕ್ಕಳು ಎಲ್ಲೆಲ್ಲಿಂದಲೋ ಬರುತ್ತಾರೆ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನ ಬೆಳ್ಳಿ ಗೆದ್ದ ಧರುಣ್ ಅಯ್ಯಸಾಮಿ ಅಲ್ಲಿ ಓದಿದವರು. ಊರು ಮಾತ್ರ ತಮಿಳುನಾಡಿನ ತಿರುಪ್ಪೂರು ಕಡೆ. ಅವರು ಆ ದಿನ ಓಡಿದ 48.96 ಸೆಕೆಂಡು ರಾಷ್ಟ್ರೀಯ ದಾಖಲೆಯಾಯಿತು. “ತಿರುಪ್ಪೂರು ಬಂಟ್ವಾಳಕ್ಕೆ ಹತ್ತಿರವೋ, ಬೆಳ್ತಂಗಡಿಗೋ?” ಎಂದು ಭಾವ ನನ್ನ ಕಡೆ ಕಣ್ಣು ಮಿಟುಕಿಸಿದರು.

ಅಳಿಯನೂ ಕಾದೇ ಇದ್ದ. “ನಿಮ್ಮ ಗುರುರಾಜ ಪೂಜಾರಿಯವರು ಎಲ್ಲಿಯವರು?”

ಭಾವ ಸ್ವಲ್ಪ ತಡವರಿಸಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ಗುರುರಾಜ. 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು. ಕುಸ್ತಿಯ ಆಸೆ ಇದ್ದ ಹುಡುಗ ಉಜಿರೆಯ ಕಾಲೇಜಿಗೆ ಬಂದ ಮೇಲೆ ಭಾರ ಎತ್ತಲು ಕಲಿತದ್ದು. ಉಜಿರೆಯವರಿಗೆ ಅದು ಹೆಮ್ಮೆ, ಆಗಬೇಕಾದದ್ದೇ. ಆದರೆ ತಂದೆ ವಾಹನ ಚಾಲಕರಾಗಿದ್ದ ಆ ಮನೆ ಇರುವುದು ಕುಂದಾಪುರದ ಕಡೆಯ ವಂಡ್ಸೆಯಲ್ಲಿ. ಬೆಳ್ತಂಗಡಿ ತಾಲೂಕಿನಲ್ಲಿ ಅಲ್ಲ.

“ಅದಿರಲಿ, ಭಾರ ಎತ್ತುವವರು ಒಬ್ಬರೇ. ಒಬ್ಬರು ತಂಡ ಹೇಗಾಗುತ್ತಾರೆ?” ಎಂದು ಅಳಿಯ ಇನ್ನೊಂದು ಕಲ್ಲು ಹೊಡೆದ. “ಓಡುವವನೂ ಒಬ್ಬನೇ ಅಲ್ಲವೋ?” ಎಂದು ಭಾವ ಅದೇ ಕಲ್ಲನ್ನು ಹಿಂದಕ್ಕೆ ಎಸೆದರು. ಅಕ್ಕ ಒಳಗಿನಿಂದ ಗೋಳಿಬಜೆ ತಂದಿಟ್ಟಳು. ಹತ್ತು ನಿಮಿಷ ಕದನವಿರಾಮ.

ಈ ವಾದಕ್ಕೆ ಒಂದು ಗಡಿ ಬೇಕಲ್ಲ, ಅದನ್ನು ಹಾಕಿಕೊಟ್ಟದ್ದು ಮಂಗಳೂರು ವಿಶ್ವವಿದ್ಯಾಲಯ. ಅದು ಹುಟ್ಟಿದ್ದು 1980ರಲ್ಲಿ. ಅದಕ್ಕಿಂತ ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಈಗಿನ ದಕ್ಷಿಣ ಕನ್ನಡ, ಉಡುಪಿ, ಜೊತೆಗೆ ಕೊಡಗು ಸೇರಿ ಅಂತರ ಕಾಲೇಜು ಪಂದ್ಯಗಳು ನಡೆಯುತ್ತಿದ್ದವು. ಹಾಗಾಗಿ ಹಾಕಿಯ ಮಾತು ಬಂದರೆ ನಾವು ಕರಾವಳಿಯವರೆಲ್ಲ ಬಾಯಿ ಮುಚ್ಚಿ ಕುಳಿತುಕೊಳ್ಳಬೇಕು. ಮಡಿಕೇರಿ, ಗೋಣಿಕೊಪ್ಪಲಿನ ಹುಡುಗರೆದುರು ನಮ್ಮದು ಕೋಲು ಹಿಡಿದು ದನ ಅಟ್ಟುವ ಆಟ. 2023ರಲ್ಲಿ ಕೊಡಗಿಗೆ ಬೇರೆಯೇ ವಿಶ್ವವಿದ್ಯಾಲಯವಾಯಿತು. ಫುಟ್ಬಾಲ್ ಎತ್ತಿದರೆ ಮಂಗಳೂರು ಪೇಟೆಯವರು ಮಧ್ಯೆ ಬರುತ್ತಾರೆ. ನಮ್ಮ ತ್ರಿಕೋನದ ಒಳಗೆ ನಿಜವಾಗಿ ಜಗಳ ಮಾಡಲು ಯೋಗ್ಯವಾದದ್ದು ಕಬಡ್ಡಿ, ವಾಲಿಬಾಲ್, ಓಟ.

ಆದರೆ ಯಾವ ವರ್ಷದ ತಂಡವನ್ನು ಯಾವ ವರ್ಷದ ತಂಡದ ಜೊತೆ ತೂಗುವುದು? ಭಾವ ಆಡಿದ ವಾಲಿಬಾಲ್‌ನಲ್ಲಿ ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟ್. ಹದಿನೈದಕ್ಕೆ ಸೆಟ್. ಎದುರಾಳಿ ಗೆದ್ದರೆ ಅವನಿಗೆ ಸಿಗುವುದು ಸರ್ವ್ ಮಾತ್ರ; ಚೆಂಡು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೋಗಿ ಬಂದು, ಅಂಕಪಟ್ಟಿ ಮಾತ್ರ ಎಂಟು-ಎಂಟರಲ್ಲೇ ಕಾಲು ಗಂಟೆ ಕುಳಿತಿರುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಿಯಮ ಬದಲಾಯಿತು. ಈಗ ಪ್ರತಿ ಸರ್ವ್‌ಗೂ ಯಾರಿಗಾದರೂ ಒಂದು ಪಾಯಿಂಟ್ ಇದ್ದೇ ಇದೆ, ಇಪ್ಪತ್ತೈದಕ್ಕೆ ಸೆಟ್, ಲಿಬೆರೊ ಎಂಬ ಬೇರೆ ಬಣ್ಣದ ಅಂಗಿಯವನು ಬೇರೆ. ಕಬಡ್ಡಿಯೂ ಹಾಗೆಯೇ. ನಾವು ಬರಿಗಾಲಲ್ಲಿ ಮಣ್ಣಿನಲ್ಲಿ ಆಡಿದೆವು. ಉಸಿರು ಹಿಡಿದಷ್ಟು ಹೊತ್ತು ರೈಡರ್ ಒಳಗೆ ಇರಬಹುದಿತ್ತು. ಇಂದು ಮ್ಯಾಟ್, ಶೂ, ಮೂವತ್ತು ಸೆಕೆಂಡಿನ ಗಡಿಯಾರ.

ಹೀಗೆ ಹೋಲಿಸಲಾಗದ್ದನ್ನು ಹೋಲಿಸುವ ಚಪಲಕ್ಕೆ ಮೂಡುಬಿದಿರೆ ಕಡೆಯವರಿಗೆ ಒಂದು ದೊಡ್ಡ ಉದಾಹರಣೆ ಮನೆ ಬಾಗಿಲಲ್ಲೇ ಇದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದೇ ತಡ, ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ ಉಸೇನ್ ಬೋಲ್ಟ್‌ಗಿಂತ ಮುಂದೆ ಎಂದುಬಿಟ್ಟರು. ದಿಲ್ಲಿಯವರೆಗೆ ಸುದ್ದಿಯಾಯಿತು, ಆಯ್ಕೆ ಪರೀಕ್ಷೆಗೆ ಕರೆ ಬಂತು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳಿನ ಕೆಲಸ, ಎರಡೂ ಬೇರೆ ಎಂದರು. ಮುಂದೆ ಎಳೆಯಲು ಕೋಣಗಳಿವೆ ಎಂಬುದೂ ಇದೆಯಲ್ಲ! ನನಗೆ ಆ ಮನುಷ್ಯನ ಮೇಲೆ ಓಟಕ್ಕಿಂತ ಹೆಚ್ಚಾಗಿ ಈ ಮಾತಿಗೆ ಗೌರವ.

ಗೋಳಿಬಜೆ ಮುಗಿಯುವ ಹೊತ್ತಿಗೆ ಭಾವನ ಮಗನ ಫೋನ್ ಬಂತು, ಅಮೆರಿಕದ ಮಿಷಿಗನ್‌ನಿಂದ. ಅವನಿರುವ ಆನ್ ಆರ್ಬರ್ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರುವ ಫುಟ್ಬಾಲ್ ಕ್ರೀಡಾಂಗಣವಿದೆಯಂತೆ. ನಮ್ಮ ಕಾಲ್ಚೆಂಡಲ್ಲ, ಶಿರಸ್ತ್ರಾಣ ಹಾಕಿಕೊಂಡು ಚೆಂಡನ್ನು ಎದೆಗೊತ್ತಿ ಓಡುವ ಆಟ. ಅಲ್ಲಿ 1896ರಲ್ಲಿ ಕೆಲವು ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಕೂಟಕ್ಕೆ ಬಿಗ್ ಟೆನ್ ಎಂದು ಹೆಸರು. ಹೆಸರಲ್ಲಿ ಹತ್ತು, 2024ರಿಂದ ಸದಸ್ಯರು ಹದಿನೆಂಟು. ನಮ್ಮ ಸಹಕಾರಿ ಸಂಘಗಳ ಲೆಕ್ಕ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ ಅನ್ನಿ. ಅಲ್ಲಿಯವರಿಗೂ ಊಟವಾದ ಮೇಲೆ ಇದೇ ಜಗಳವಂತೆ. 1901ರ ಮಿಷಿಗನ್ ತಂಡ ಇಡೀ ಋತುವಿನಲ್ಲಿ 550 ಪಾಯಿಂಟ್ ಗಳಿಸಿ, ಎದುರಾಳಿಗಳಿಗೆ ಒಂದೇ ಒಂದನ್ನೂ ಬಿಟ್ಟುಕೊಡಲಿಲ್ಲ. 1997ರ ತಂಡವೂ ಒಂದೂ ಪಂದ್ಯ ಸೋಲಲಿಲ್ಲ. ಯಾರು ದೊಡ್ಡವರು? 1901ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದೇ ನಿಯಮಬಾಹಿರವಾಗಿತ್ತು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1906ರಲ್ಲಿ. ಅಲ್ಲಿಗೆ ಅವರ ಕಥೆಯೂ ನಮ್ಮ ವಾಲಿಬಾಲಿನ ಕಥೆಯೇ.

“ಒಂದು ವ್ಯತ್ಯಾಸ ಉಂಟು. ಇಲ್ಲಿ ನೂರಿಪ್ಪತ್ತು ವರ್ಷದ ಹಿಂದಿನ ಪಂದ್ಯದ ಅಂಕವೂ ಬರೆದಿಟ್ಟಿದ್ದಾರೆ. ನಿಮ್ಮ ಹತ್ತಿರ ಏನುಂಟು?” ಎಂದ ಹುಡುಗ.

ಜಗಲಿ ಒಂದು ಕ್ಷಣ ಸುಮ್ಮನಾಯಿತು. ಭಾವ ತಾವು ಆಡಿದ ಫೈನಲ್ಲು ಎಂಬತ್ತೆರಡರಲ್ಲಿ ಎಂದರು. ಕಳೆದ ದೀಪಾವಳಿಗೆ ಅದನ್ನೇ ಎಂಬತ್ತಮೂರು ಎಂದಿದ್ದರು. ಅಳಿಯ ನೆನಪಿಸಿದ, ಭಾವನಿಗೆ ಸಿಟ್ಟು ಬಂತು.

“ನನ್ನ ಹತ್ತಿರ ಉಂಟು” ಎಂದೆ ನಾನು.

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಬಂಟ್ವಾಳದ ಕಡೆಯ ಒಂದು ಕಾಲೇಜಿನಲ್ಲಿ 1985ರಿಂದ 88ರವರೆಗೆ ಓದಿದೆ. ಮೂರು ವರ್ಷವೂ ಕಬಡ್ಡಿ ತಂಡದಲ್ಲಿದ್ದೆ. ಈ ಜಗಳ ಶುರುವಾದಾಗಲೆಲ್ಲ ನಾನು ಎರಡೂ ಪಕ್ಷ ಬಿಟ್ಟು, ನಮ್ಮ 88ರ ತಂಡದ ಎದುರು ನೀವೆಲ್ಲ ನಿಲ್ಲುತ್ತಿರಲಿಲ್ಲ ಎಂದು ಹೇಳಿ ಎದ್ದುಹೋಗುತ್ತಿದ್ದೆ. ಮಗಳು ಇದನ್ನು ಸಣ್ಣಂದಿನಿಂದ ಕೇಳಿಕೊಂಡೇ ಬೆಳೆದವಳು. ನನ್ನ ಎಡ ಮೊಣಕೈಯಲ್ಲಿ ಒಂದು ಉದ್ದದ ಕಲೆ ಇದೆ. “ಕಬಡ್ಡಿಯಲ್ಲಿ ಆದದ್ದು” ಎಂದು ಅವಳಿಗೆ ತೋರಿಸಿದ್ದೇನೆ. ಅದು ಸುಳ್ಳಲ್ಲ. ಅವಳು ಎಡ ಕಾರ್ನರ್ ಆಡಲು ಶುರು ಮಾಡಿದ್ದೇ “ಅಪ್ಪನ ಜಾಗ” ಎಂದು.

ಮರುದಿನ ಬಂಟ್ವಾಳಕ್ಕೆ ಬಂದ ಮೇಲೆ ಅವಳು ಬಿಡಲಿಲ್ಲ. ಅಟ್ಟದ ಟ್ರಂಕ್ ಇಳಿಸಿ ನೋಟ್‌ಬುಕ್ ತೆಗೆದಳು. ನೂರು ಪುಟದ ಪುಸ್ತಕ, ರಟ್ಟು ಹೋಗಿದೆ, ಮೂಲೆ ಇಲಿ ತಿಂದಿದೆ, ನೀಲಿ ಶಾಯಿ ಕಂದಾಗಿದೆ. ಪ್ರತಿ ಪಂದ್ಯಕ್ಕೆ ಎರಡು ಪುಟ. ತಾರೀಕು, ಎದುರಾಳಿ, ಎಡಗಡೆ ನಮ್ಮ ಏಳು ಜನರ ಹೆಸರು, ಎದುರು ಗೀಟುಗಳು. ದಾಳಿಯ ಪಾಯಿಂಟಿಗೆ ನೇರ ಗೀಟು, ಹಿಡಿತಕ್ಕೆ ಅಡ್ಡಗೀಟು, ಲೋಣಾ ಆದರೆ ಸುತ್ತ ಒಂದು ವೃತ್ತ. ನೆಲದ ಮೇಲೆ ಕಾಲು ಚಾಚಿ ಕುಳಿತು ಮಗಳು ಅರ್ಧ ಗಂಟೆ ಓದಿದಳು. ಈಗಿನ ಹುಡುಗಿಯರಿಗೆ ಅಂಕಪಟ್ಟಿ ಓದುವುದು ನಮಗಿಂತ ಚೆನ್ನಾಗಿ ಗೊತ್ತು. “ಈ ರೈಡರ್ ಭಯಂಕರ ಇದ್ದಾರೆ ಅಪ್ಪ” ಎಂದಳು. ಭಯಂಕರನೇ. ಮುಂಬೈಗೆ ಹೋಗಿ ಹೋಟೆಲಿನ ಗಲ್ಲಾದಲ್ಲಿ ಕುಳಿತ, ಮತ್ತೆ ಆಡಲಿಲ್ಲ. ಬಲ ಕಾರ್ನರ್‌ನವನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು.

ಆ ಮೇಲೆ ಅವಳು ಹಿಂದಿನ ಪುಟಗಳಿಗೆ ಹೋದಳು. ಮುಂದಕ್ಕೆ ಬಂದಳು. “ಅಪ್ಪಾ, ನಿಮ್ಮ ಹೆಸರು ಎಲ್ಲಿ?”

ಕಬಡ್ಡಿ ತಂಡವೆಂದರೆ ಹನ್ನೆರಡು ಜನ. ಅಂಗಣದಲ್ಲಿ ಏಳು, ಹೊರಗೆ ಐದು. ನಾನು ಹನ್ನೆರಡನೆಯವನು. ಸುಮ್ಮನೆ ಕೂರಬಾರದೆಂದು ಮಾಸ್ಟ್ರು ಕೈಗೆ ನೋಟ್‌ಬುಕ್ಕು ಕೊಟ್ಟಿದ್ದರು. ಮೂರು ವರ್ಷ ಅವರು ಆಡಿದರು, ನಾನು ಬರೆದೆ. ಬೇರೆ ಸಣ್ಣ ಕಾಲೇಜಿಗೆ ಹೋಗಿದ್ದರೆ ಮೊದಲ ವರ್ಷವೇ ಆಡುತ್ತಿದ್ದೆನೇನೋ. ಆದರೆ ನಮ್ಮ ತಂದೆಗೆ ಯಾರೋ ಹೇಳಿದ್ದರು, ಸೇರಿಸುವುದಾದರೆ ದೊಡ್ಡ ತಂಡ ಇರುವಲ್ಲಿಗೇ ಸೇರಿಸಿ ಎಂದು. ಆಗ ಅದಕ್ಕೆ ಅರ್ಥವೂ ಇತ್ತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಹೀಗೆ ನಾಲ್ಕು ಬ್ಯಾಂಕ್ ಹುಟ್ಟಿದ ಜಿಲ್ಲೆ ನಮ್ಮದು. ಚೆನ್ನಾಗಿ ಆಡಿದವನಿಗೆ ಬ್ಯಾಂಕಿನ ಬಾಗಿಲು ತೆರೆಯುತ್ತದೆ ಎಂಬುದು ಮನೆಮನೆಯ ನಂಬಿಕೆ. ಅದರಲ್ಲಿ ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಆಡಿದವರಿಗೆ ತೆರೆಯುತ್ತಿದ್ದ ಬಾಗಿಲು ಬರೆದವನಿಗೆ ಹೇಗೂ ತೆರೆಯಲಿಲ್ಲ, ಬಿಡಿ.

ಕಲೆಯ ಕಥೆಯನ್ನೂ ಹೇಳಬೇಕಾಯಿತು. 88ರಲ್ಲಿ ಒಂದು ಸೆಮಿಫೈನಲ್. ನಮ್ಮ ಎಡ ಕಾರ್ನರ್‌ನವನ ಕಾಲು ಉಳುಕಿತು, ಇನ್ನಿಬ್ಬರಿಗೆ ಜ್ವರ. ನಾನು ಪುಸ್ತಕವನ್ನು ಪಕ್ಕದವನ ಕೈಗೆ ಕೊಟ್ಟು ಒಳಗೆ ಹೋದೆ. ಮೂರನೆಯ ದಾಳಿಗೆ ಅವರ ದೊಡ್ಡ ರೈಡರ್ ನನ್ನ ಕಡೆಗೇ ಬಂದ. ಹೊಸಬನೆಂದು ಅವನಿಗೆ ತಿಳಿಯದೆ ಇರುತ್ತದೆಯೇ? ನಾನು ಪಾದದ ಗಂಟಿಗೆ ಕೈ ಹಾಕಿದೆ, ಹಿಡಿತ ಸರಿಯಾಗಿಯೇ ಬಿತ್ತು. ಅವನು ನನ್ನನ್ನು ಮೂಟೆಯ ಹಾಗೆ ಎಳೆದುಕೊಂಡು ಹೋಗಿ ಮಧ್ಯಗೆರೆ ಮುಟ್ಟಿದ. ಬಿಡಿಸಲು ಬಂದ ಇಬ್ಬರೂ ನನ್ನ ಜೊತೆಗೆ ಔಟ್. ಮೊಣಕೈಯ ಚರ್ಮ ಅಂಗಣದಲ್ಲಿ ಉಳಿಯಿತು. ಒಟ್ಟು ನಾಲ್ಕು ನಿಮಿಷ. ಪಂದ್ಯ ನಾವೇ ಗೆದ್ದೆವು, ನಾನು ಹೊರಗೆ ಬಂದ ಮೇಲೆ. ಪಕ್ಕದವನಿಗೆ ನನ್ನ ಹೆಸರನ್ನು ಪುಸ್ತಕದಲ್ಲಿ ಬರೆಯಬೇಕೆಂದು ಹೊಳೆಯಲಿಲ್ಲ. ಆ ರಾತ್ರಿ ಬರೆದುಕೊಳ್ಳಲು ನನಗೂ ಮನಸ್ಸಾಗಲಿಲ್ಲ. ಹೆಸರಿನ ಎದುರು ಒಂದು ಗೀಟೂ ಇರುತ್ತಿರಲಿಲ್ಲವಲ್ಲ.

ಮಗಳು ನಗಲಿಲ್ಲ. ಪುಸ್ತಕ ಮುಚ್ಚಿದಳು. “ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಎಂದು ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ನೀವು ಕೇಳಿದರೂ ಇಲ್ಲ. ಎರಡು ದಿನ ಅವಳು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಬೆಳಿಗ್ಗೆ ಐದೂವರೆಗೆ ಓಡಲು ಹೋಗುವಾಗ ಯಾವತ್ತೂ ನನ್ನನ್ನು ಎಬ್ಬಿಸುವವಳು ಎಬ್ಬಿಸಲಿಲ್ಲ.

ಈ ನಡುವೆ ಹೆಂಡತಿಯ ಚಿಂತೆ ಬೇರೆ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ತಂಡದಲ್ಲಿ ಆಡಿದ್ದು, 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ, 2012ರಲ್ಲಿ ಪಟ್ನಾದ ವಿಶ್ವಕಪ್ ಎತ್ತಿದ್ದು, ಅರ್ಜುನ ಪ್ರಶಸ್ತಿ ಎಲ್ಲ ಅವಳಿಗೆ ಬಾಯಿಪಾಠ. ಮಗಳಿಗೆ ಕಬಡ್ಡಿ ಬೇಡ ಎಂದ ನಮ್ಮ ನೆಂಟರ ಬಾಯಿ ಮುಚ್ಚಿಸಿದ್ದು ಅದೇ ಹೆಸರಿನಿಂದ. ಆದರೂ ಅವಳು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಹುಡುಗರಿಗೆ 2014ರಿಂದ ಪ್ರೊ ಕಬಡ್ಡಿ ಉಂಟು, ಕೈಗೆ ದುಡ್ಡು ಉಂಟು. ಹುಡುಗಿಯರಿಗೆ 2016ರಲ್ಲಿ ಮೂರು ತಂಡಗಳ ಒಂದು ಪ್ರಯೋಗ ನಡೆಯಿತು, ಅದು ಮುಂದುವರಿಯಲಿಲ್ಲ. ರೈಲ್ವೆಯಲ್ಲಿ ಕೆಲಸ ಸಿಗಬೇಕಾದರೆ ದೇಶದ ಒಳ್ಳೆಯ ಆಟಗಾರ್ತಿಯರ ಸಾಲಿನಲ್ಲಿ ನಿಲ್ಲಬೇಕು. “ಮೂರು ವರ್ಷ ಹಾಸ್ಟೆಲಿನಲ್ಲಿದ್ದು ಬೆಂಚಿನಲ್ಲಿ ಕುಳಿತು ಬಂದರೆ?” ಎಂದಳು. ನಾನು ಮೊಣಕೈ ಕಡೆ ನೋಡಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಮಗಳು ನನ್ನನ್ನು ಎಬ್ಬಿಸಿದಳು. ನೇತ್ರಾವತಿಯ ಸೇತುವೆಯ ಹತ್ತಿರ ಓಟ ಮುಗಿಸಿ ಬಗ್ಗಿ ನಿಂತು ಉಸಿರು ತೆಗೆಯುತ್ತಾ, “ಆ ಐದು ಜನ ಪ್ರಾಕ್ಟೀಸ್‌ನಲ್ಲಿ ಏನು ಮಾಡುತ್ತಿದ್ದರು?” ಎಂದು ಕೇಳಿದಳು.

ಈ ಪ್ರಶ್ನೆಯನ್ನು ನನ್ನಲ್ಲಿ ಮೂವತ್ತೇಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾವು ಐವರು ಮತ್ತು ಮಾಸ್ಟ್ರು ಸೇರಿ ಎದುರಾಳಿ ತಂಡವಾಗುತ್ತಿದ್ದೆವು. ನಾಳೆ ಯಾವ ಕಾಲೇಜಿನ ಜೊತೆ ಪಂದ್ಯವೋ ಅವರ ಹಾಗೆ ಆಡಬೇಕು. ಅವರ ರೈಡರ್ ಎಡಗೈ ಚಾಚುತ್ತಾನಾದರೆ ನಾವೂ ಎಡಗೈ ಚಾಚಬೇಕು. ಅದಕ್ಕಾಗಿಯೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಎದುರಾಳಿಗಳ ಅಭ್ಯಾಸಗಳನ್ನು ಬರೆದಿಡುತ್ತಿದ್ದೆ. ಆ ಭಯಂಕರ ರೈಡರ್‌ನನ್ನು ನಾನು ಪ್ರಾಕ್ಟೀಸ್‌ನಲ್ಲಿ ದಿನಕ್ಕೆ ಇಪ್ಪತ್ತು ಸಲ ಹಿಡಿಯಲು ನೋಡುತ್ತಿದ್ದೆ. ವಾರಕ್ಕೆ ಒಮ್ಮೆ ಸಿಗುತ್ತಿದ್ದ. ಸಿಕ್ಕಿದ ದಿನ ಅವನು ಮಾತು ಬಿಡುತ್ತಿದ್ದ, ಮರುದಿನ ಆ ತಪ್ಪನ್ನು ಪುನಃ ಮಾಡುತ್ತಿರಲಿಲ್ಲ. ಇದನ್ನೆಲ್ಲ ಹೇಳುತ್ತಾ ಹೋದೆ. ಅವಳು ಶೂ ಲೇಸ್ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಕೇಳಿದಳು.

ಜೂನ್ ಮೊದಲ ವಾರ ಆಯ್ಕೆಗೆ ಹೋದಳು. ಯಾವ ಕಾಲೇಜಿಗೆ ಎಂದು ಇಲ್ಲಿ ಬರೆದರೆ ಒಂದೋ ಭಾವ ಮುಂದಿನ ದೀಪಾವಳಿಗೆ ಬರುವುದಿಲ್ಲ, ಇಲ್ಲದಿದ್ದರೆ ಅಳಿಯ ಬರುವುದಿಲ್ಲ. ನಾನು ಗೇಟಿನ ಹೊರಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದೆ. ನನ್ನ ಹಾಗೆ ಇನ್ನೂ ಏಳೆಂಟು ಜನ ಅಪ್ಪಂದಿರು. ಅವರಲ್ಲಿ ಒಬ್ಬರು ಹಾವೇರಿಯಿಂದ ರಾತ್ರಿ ಬಸ್ಸಿನಲ್ಲಿ ಬಂದವರು. ನಮ್ಮ ಊರಿನ ತಂಡ, ಹೊರಗಿನವರ ತಂಡ ಎಂಬ ಭಾವನ ವಾದವನ್ನು ಅವರೆದುರು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರ ಮಗಳೂ ಕಾರ್ನರ್ ಅಂತೆ. ಬಲವೋ ಎಡವೋ ಎಂದು ಕೇಳಲು ಹೋಗಿ ಬಾಯಿ ಮುಚ್ಚಿಕೊಂಡೆ.

ಒಂದೂವರೆ ಗಂಟೆಯ ಮೇಲೆ ಮಗಳು ಹೊರಗೆ ಬಂದಳು. ಮೊಣಕಾಲಿನಲ್ಲಿ ಮ್ಯಾಟಿನ ಉಜ್ಜಿದ ಗುರುತು, ಕೆಂಪಗೆ.

“ಏನು ಹೇಳಿದರು?”

“ತಗೊಳ್ತಾರಂತೆ. ನಾನು ಕೋಚ್ ಹತ್ತಿರ ಒಂದೇ ಕೇಳಿದೆ. ಎಡ ಕಾರ್ನರ್ ಎಷ್ಟು ಜನ ಇದ್ದಾರೆ ಅಂತ.”

“ಎಷ್ಟು ಜನ?”

“ಇಬ್ಬರು. ಒಬ್ಬರು ಫೈನಲ್ ಇಯರ್” ಎಂದು ಕೊಡೆಯೊಳಗೆ ಬಂದಳು. ಬಸ್‌ಸ್ಟ್ಯಾಂಡಿನವರೆಗೆ ಏನೂ ಮಾತಾಡಲಿಲ್ಲ. ಅಲ್ಲಿ ಅಂಗಡಿಯ ಎದುರು ನಿಂತು, ಒಂದು ನೂರು ಪುಟದ ನೋಟ್‌ಬುಕ್ ತೆಗೆಸಿಕೊಡಲು ಹೇಳಿದಳು.